ನಾಲ್ಕನೆಯ ದಿನದ ಕೊಕ್ಕೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಬೋನಕ್ಕ. ಯಾರ ಮನೆಯ ಅಟ್ಟದಲ್ಲಿ ಗೋಲಿ ಉರುಳಿದಂತೆ ಸದ್ದಾದರೂ, ಯಾರ ಅಕ್ಕಿ ಡಬ್ಬದ ಹಿಂದೆ ಕಪ್ಪು ಹಿಕ್ಕೆ ಕಂಡರೂ, ಆ ಮನೆಯ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಅವಳ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮುಂಬಾಗಿಲಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಇಲಿ ಇದೆ ಎಂದು ಹೇಳುವುದು ತಲೆಯಲ್ಲಿ ಹೇನಿದೆ ಎಂದು ಹೇಳಿದಷ್ಟೇ ನಾಚಿಕೆಯ ಸಂಗತಿ. ಅದೂ ಬರೀ ಹೆಂಗಸಿನ ನಾಚಿಕೆ. ಅದೇ ಮನೆಯಲ್ಲಿ ಉಂಡು ಮಲಗುವ ಗಂಡಸಿಗೆ ಅದರಲ್ಲಿ ಪಾಲಿರಲಿಲ್ಲ.

"ಬೋನಕ್ಕ, ನಿಮ್ಮ ಬೋನು ಬಿಡುವಾಗಿದೆಯಾ?" ಎಂದು ಪಕ್ಕದ ಮನೆಯವಳು ಪಿಸುಗುಟ್ಟುತ್ತಿದ್ದಳು.

"ಬಿಡುವಾಗಿದೆ. ಯಾವ್ದು? ಸುಂಡಿಲಿಯಾ, ದೊಡ್ಡದಾ?"

"ದೊಡ್ಡದಂತೆ. ಬೆಕ್ಕಿನಷ್ಟಿತ್ತು ಅಂದ್ರು ನಮ್ಮನೆಯವರು."

"ಅವರು ನೆಲದ ಮೇಲೆ ನಿಂತು ನೋಡಿದ್ರಾ, ಕುರ್ಚಿ ಮೇಲೆ ನಿಂತು ನೋಡಿದ್ರಾ?"

"ಕುರ್ಚಿ ಮೇಲೆ."

"ಹಾಗಾದ್ರೆ ಸುಂಡಿಲಿ."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಬೋನಕ್ಕ ಆ ಲೆಕ್ಕಾಚಾರ ಕಲಿತದ್ದು ತನ್ನದೇ ಮನೆಯಲ್ಲಿ. ಅವಳ ಗಂಡ ಕರೆಂಟಿನ ಮೀಟರ್ ಓದುವವನು. ದಿನವೆಲ್ಲ ಸ್ಕೂಟರಿನಲ್ಲಿ ಸುತ್ತಿ, ಊರವರ ಮೆಟ್ಟಿಲ ಕೆಳಗೆ, ಕತ್ತಲ ಮೂಲೆಗೆ ಟಾರ್ಚು ಬಿಟ್ಟು ಅಂಕಿ ಬರೆದುಕೊಂಡು ಬರುತ್ತಿದ್ದ. ತನ್ನ ಮನೆಯ ಮಂಚದ ಕೆಳಗೆ ಮಾತ್ರ ಒಂದು ದಿನವೂ ಬಗ್ಗಿ ನೋಡಿದವನಲ್ಲ. ಅಲ್ಲಿ ಏನಾದರೂ ಸರಿದಾಡಿದರೆ ಕಾಲೆರಡನ್ನೂ ಕುರ್ಚಿಯ ಮೇಲಿಟ್ಟುಕೊಂಡು, "ಏನೋ ಓಡಾಡ್ತಿದೆ, ಸ್ವಲ್ಪ ನೋಡೇ" ಎನ್ನುತ್ತಿದ್ದ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅತಿ ಹೆಚ್ಚು ಸಲ ಕೇಳಿದ ಮಾತು ಅದು. ಇಲಿ, ಕಟ್ಟಿಕೊಂಡ ಮೋರಿ, ಉಕ್ಕಿದ ಹಾಲು, ಜ್ವರ ಬಂದ ಮಗು, ಎಲ್ಲದಕ್ಕೂ ಅದೇ. ಸ್ವಲ್ಪ ನೋಡೇ.

ಅವಳಿಗೆ ಬೋನು ಹಿಡಿಯಲು ಕಲಿಸಿದವಳು ಅತ್ತೆ. ಅತ್ತೆ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮೂವತ್ತು ವರ್ಷ ದವಸದ ಗೋದಾಮಿನಲ್ಲಿ ಹರಿದ ಚೀಲಗಳಿಗೆ ದಬ್ಬಳ ಹಾಕಿ ಹೊಲಿದು ಇಬ್ಬರು ಮಕ್ಕಳನ್ನು ಸಾಕಿದವಳು. ಚೀಲ ಹರಿಯುವುದು ಇಲಿಯ ಕೆಲಸ, ಹೊಲಿಯುವುದು ತನ್ನ ಕೆಲಸ, ಹೀಗಾಗಿ ಒಂದು ರೀತಿಯಲ್ಲಿ ತನಗೆ ಅನ್ನ ಹಾಕಿದ್ದು ಇಲಿಯೇ ಎಂದು ನಗುತ್ತಿದ್ದಳು. ಆದರೆ ಹಿಡಿಯುವುದರಲ್ಲಿ ದಯೆ ದಾಕ್ಷಿಣ್ಯ ಇರಲಿಲ್ಲ. ಗೋದಾಮಿನ ಯಜಮಾನ ಇಲಿ ಹಿಡಿಯುವ ಆಳನ್ನು ಬಿಡಿಸಿ, ಆ ಕೆಲಸವನ್ನೂ ಇವಳ ತಲೆಗೇ ಕಟ್ಟಿದ್ದ. ಹೆಂಗಸು ಹೇಗೂ ಮನೆಯಲ್ಲಿ ಮಾಡುತ್ತಾಳಲ್ಲ ಎಂಬುದು ಅವನ ವಾದ.

ಬೋನಕ್ಕ ಮದುವೆಯಾಗಿ ಬಂದ ಐದನೆಯ ಬೆಳಿಗ್ಗೆ ಅತ್ತೆ ಅವಳನ್ನು ಹಿತ್ತಲಿಗೆ ಕರೆದು, ನೆಲದ ಮೇಲೆ ತಂತಿಯ ಬೋನನ್ನಿಟ್ಟಳು.

"ನೋಡು ಹುಡುಗಿ. ಬೋನು ತಂದ ದಿನಾನೇ ಕೊಕ್ಕೆ ಹಾಕೋರು ದಡ್ಡರು. ಇಲಿ ಹೊಸದನ್ನ ನಂಬಲ್ಲ. ಮೂರು ದಿನ ಬಾಗಿಲು ತೆಗೆದೇ ಇಟ್ಟು ತಿನ್ನೋಕೆ ಕೊಡು. ಮೊದಲನೇ ದಿನ ದೂರದಿಂದ ಮೂಸಿ ಹೋಗತ್ತೆ. ಎರಡನೇ ದಿನ ಹೆದರಿ ಹೆದರಿ ತಿನ್ನತ್ತೆ. ಮೂರನೇ ದಿನ ಮನೆ ಅಳಿಯನ ಹಾಗೆ ಬಂದು ಕೂತು ತಿನ್ನತ್ತೆ. ನಾಲ್ಕನೇ ದಿನ ಕೊಕ್ಕೆ ಹಾಕು."

"ನಾನು ಬಂದೂ ಇವತ್ತಿಗೆ ಐದು ದಿನ ಆಯ್ತು ಅತ್ತೆ," ಎಂದಿದ್ದಳು ಹೊಸ ಸೊಸೆ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನ್ನ ಬಾಯಿಗೆ ಕೊಕ್ಕೆ ಹಾಕೋರು ಇನ್ನೂ ಹುಟ್ಟಿಲ್ಲ ಬಿಡು."

ಅವತ್ತೇ ಇನ್ನೊಂದನ್ನೂ ಕಲಿಸಿದಳು. ಬೋನಿಗೆ ಇಡುವ ತಿನಿಸನ್ನು ಮೊದಲು ತಾನು ನಾಲಿಗೆಯ ತುದಿಗೆ ಹಚ್ಚಿ ನೋಡಬೇಕು. ಎಣ್ಣೆ ಕಮಟು ಬಂದಿದ್ದರೆ, ಬ್ರೆಡ್ಡು ಬೂಸಲು ಹಿಡಿದಿದ್ದರೆ ಇಲಿ ಮೂತಿ ತಿರುಗಿಸಿ ಹೋಗುತ್ತದೆ. ಗೋದಾಮಿನಲ್ಲಿ ಮೂವತ್ತು ವರ್ಷ ಹೀಗೇ ಮಾಡಿ ಅತ್ತೆಗೆ ಅದು ಉಸಿರಾಟದಷ್ಟು ಅಭ್ಯಾಸವಾಗಿತ್ತು. ಬೆರಳು ತಿನಿಸಿಗೆ, ಬೆರಳು ನಾಲಿಗೆಗೆ, ಆಮೇಲೆ ಬೋನಿಗೆ. ಮಗ ನೋಡಿದಾಗಲೆಲ್ಲ "ಥೂ, ಅಮ್ಮಾ!" ಎಂದು ಮುಖ ಕಿವುಚುತ್ತಿದ್ದ. "ಊಟಕ್ಕೆ ಉಪ್ಪು ಸಾಕಾ ಅಂತಾನೂ ಹೀಗೇ ನೋಡೋದು ಕಣೋ. ಅದನ್ನ ಮಾತ್ರ ಚಪ್ಪರಿಸ್ಕೊಂಡು ತಿಂತೀಯ," ಎನ್ನುತ್ತಿದ್ದಳು ಅತ್ತೆ.

ಆಮೇಲೆ ಬಕೆಟ್ಟು. ಹಿಂದಿನ ರಾತ್ರಿ ಅತ್ತೆ ಇಟ್ಟಿದ್ದ ಎರಡು ಬೋನುಗಳಲ್ಲಿ ಇಲಿ ಬಿದ್ದಿತ್ತು. ನೀರು ತುಂಬಿದ ಬಕೆಟ್ಟಿಗೆ ಇಲಿ ಇರುವ ಬೋನನ್ನು ಇಳಿಸಿ ಕೈಯಲ್ಲಿ ಒತ್ತಿ ಹಿಡಿಯಬೇಕು. ತಂತಿಯ ಮೂಲಕ ಅದರ ನಡುಕ ಅಂಗೈಗೆ ಬರುತ್ತದೆ. ಅದು ನಿಂತ ಮೇಲೂ ನೂರು ಎಣಿಸಬೇಕು. ಅವತ್ತು ಹೊಸ ಸೊಸೆ ಎಪ್ಪತ್ತಕ್ಕೇ ಕೈ ಬಿಟ್ಟು, ಸೀಬೆಗಿಡದ ಬುಡದಲ್ಲಿ ಕೂತು ವಾಂತಿ ಮಾಡಿಕೊಂಡಳು. ಅತ್ತೆ ಬೆನ್ನು ಸವರಲಿಲ್ಲ. ನೀರಿನ ಚೊಂಬನ್ನು ಪಕ್ಕಕ್ಕಿಟ್ಟು, "ಮೊದಲನೇ ಸಲ ಹಾಗೇ ಆಗತ್ತೆ. ಇನ್ನೂ ಒಂದು ಬೋನಿದೆ, ಬಾ," ಎಂದಳು.

ಆ ಕಟುವಾದ ಮಾತಿನಿಂದಲೇ ಇಬ್ಬರಿಗೂ ಹೊಂದಿಕೆಯಾಯಿತು. ಸಂಜೆ ಕೆಲಸದಿಂದ ಬಂದ ಗಂಡ ಬಾಗಿಲಲ್ಲೇ ನಿಂತು "ಆಯ್ತಾ?" ಎಂದಷ್ಟೇ ಕೇಳಿದ. ಏನು ಆಯಿತು, ಹೇಗೆ ಆಯಿತು ಎಂದು ಅವನು ಅವತ್ತೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ.

ಬೋನಕ್ಕನಿಗೆ ಮಕ್ಕಳಿಬ್ಬರು ಹುಟ್ಟಿ, ಬೆಳೆದು, ಅವರವರ ಮನೆ ಸೇರಿಕೊಂಡರು. ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಅದರ ಹಿಂದೆಯೇ ಮರೆವು ಬಂತು. ಮೊದಲು ಸೌಟು ಎಲ್ಲಿಟ್ಟೆ ಎಂಬುದು ಮರೆಯಿತು, ಆಮೇಲೆ ಊಟ ಮಾಡಿದ್ದು, ಆಮೇಲೆ ಗಂಡ ಸತ್ತದ್ದು. ಪಾದಗಳು ಎರಡು ವರ್ಷದಿಂದ ಜೋಮು ಹಿಡಿದಂತಾಗಿ, ಬಿಸಿ ನೀರು ಬಿದ್ದರೂ ತಿಳಿಯುತ್ತಿರಲಿಲ್ಲ. ನಡುಮನೆಯ ಪಕ್ಕದ ಸಣ್ಣ ಕೋಣೆಯ ಮಂಚವೇ ಅವಳ ಲೋಕವಾಯಿತು. ತಿನ್ನಿಸುವುದು, ತೊಳೆಸುವುದು, ಹಾಸಿಗೆ ಬದಲಿಸುವುದು, ಮಾತ್ರೆ ಕೊಡುವುದು ಎಲ್ಲ ಬೋನಕ್ಕನ ಪಾಲಿಗೆ. ಮಗ ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ತಲೆ ಹಾಕಿ, "ಅಮ್ಮ, ಹೇಗಿದ್ದೀಯ?" ಎನ್ನುತ್ತಿದ್ದ. ಅವಳು "ಹೂಂ" ಎನ್ನುತ್ತಿದ್ದಳು. ಅಲ್ಲಿಗೆ ಅವನ ಸೇವೆ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಹೊದಿಕೆ ಸರಿಸಿದ ಬೋನಕ್ಕನಿಗೆ ಹಾಸಿಗೆಯ ಕೊನೆಯಲ್ಲಿ ರಕ್ತದ ಕಲೆ ಕಂಡಿತು. ಅತ್ತೆಯ ಎಡಗಾಲಿನ ಕಿರುಬೆರಳ ತುದಿ ಇರಲಿಲ್ಲ. ಹಣ್ಣು ಕಚ್ಚಿ ಬಿಟ್ಟಂತೆ ಸಣ್ಣ ಸಣ್ಣ ಹಲ್ಲಿನ ಗುರುತಿತ್ತು.

"ಅತ್ತೆ, ನೋವಾಗ್ತಿಲ್ವಾ?"

ಅತ್ತೆ ಕುತೂಹಲದಿಂದ ಬಗ್ಗಿ ನೋಡಿದಳು. "ಅಯ್ಯೋ ಪಾಪ. ಯಾರ ಕಾಲೇ ಇದು?"

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಮ್ಮ ಮೂವತ್ತು ವರ್ಷ ಕೀವು, ರಕ್ತ ನೋಡಿದವಳು; ಮಾತಿಗೆ ಸಕ್ಕರೆ ಸವರುವ ಅಭ್ಯಾಸ ಅವಳಿಗಿರಲಿಲ್ಲ. "ಈ ಸಲ ಬೆರಳಲ್ಲಿ ಮುಗೀತು. ಇನ್ನೊಂದು ಸಲ ಕಚ್ಚಿದ್ರೆ ಕಾಲೇ ತೆಗೀಬೇಕಾಗತ್ತೆ. ಈ ವಯಸ್ಸಲ್ಲಿ ಕಾಲು ತೆಗೆದ್ರೆ ಮಿಕ್ಕಿದ್ದೂ ಉಳಿಯಲ್ಲ. ಮೊದಲು ಇಲಿ ಓಡಿಸಮ್ಮ," ಎಂದಳು.

ಬೋನಕ್ಕನಿಗೆ ಆ ಮಾತು ಎದೆಗೆ ಕಟ್ಟಿದ ಕಲ್ಲಾಯಿತು. ಊರಿನ ಇಲಿಗಳನ್ನೆಲ್ಲ ಹಿಡಿದವಳ ಮನೆಯಲ್ಲಿ, ಅದೂ ತನಗೆ ಆ ವಿದ್ಯೆ ಕಲಿಸಿದವಳ ಕಾಲನ್ನೇ ಇಲಿ ತಿಂದಿತ್ತು. ಅವಳು ಹಿತ್ತಲಿನ ಗೊಬ್ಬರದ ಗುಂಡಿಯನ್ನು ಬಗೆದು ದೂರಕ್ಕೆ ಸಾಗಿಸಿದಳು. ಉದುರಿದ ಸೀಬೆಯನ್ನು ದಿನಕ್ಕೆ ಎರಡು ಸಲ ಆರಿಸಿದಳು. ಬಿಲಗಳಿಗೆ ಗಾಜಿನ ಚೂರು ತುಂಬಿ ಸಿಮೆಂಟು ಮೆತ್ತಿದಳು. ಪಾತ್ರೆ ಉಜ್ಜುವ ತಂತಿಯ ಉಂಡೆಗಳನ್ನು ಮೋರಿಯ ಸಂದಿಗೆ ತುರುಕಿದಳು. ಮಂಚದ ನಾಲ್ಕೂ ಕಾಲುಗಳನ್ನು ನೀರಿನ ಡಬ್ಬಗಳಲ್ಲಿ ನಿಲ್ಲಿಸಿದಳು. ಅತ್ತೆಯ ಎರಡೂ ಪಾದಗಳಿಗೆ ದಪ್ಪ ಬಟ್ಟೆಯ ಚೀಲ ಹೊಲಿದು ತೊಡಿಸಿದಳು. ಒಲೆಯ ಕೆಳಗೆ ನೆಲಕ್ಕೆ ಕೆನ್ನೆ ತಾಗಿಸಿಕೊಂಡು ಉಜ್ಜುತ್ತಿದ್ದಾಗ ನಾದಿನಿಯ ಫೋನು ಬಂತು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಹೇಳ್ತೀನಿ. ಅಡುಗೆಮನೆ ಸ್ವಲ್ಪ ಕ್ಲೀನಾಗಿಟ್ಕೊಂಡ್ರೆ ಇಲಿ ಯಾಕೆ ಬರತ್ತೆ?"

"ಈಗ ಅಡುಗೆಮನೇಲೇ ಮಲಗಿದ್ದೀನಿ ಕಣಮ್ಮ. ಬಂದಿದ್ರೆ ಮಾತಾಡಿಸ್ತಿದ್ದೆ," ಎಂದಳು ಬೋನಕ್ಕ.

ಗಂಡ ಅವತ್ತು ಸಂಜೆ ಚಹಾ ಕುಡಿಯುತ್ತಾ ವಿಷದ ಮಾತೆತ್ತಿದ. "ಪಾಷಾಣ ತಂದು ಹಾಕಿದ್ರೆ ಒಂದೇ ವಾರಕ್ಕೆ ಎಲ್ಲಾ ಸ್ವಚ್ಛ. ನಿನ್ನ ಬೋನಿನ ನಾಟಕ ಎಷ್ಟು ದಿನ ನೋಡ್ಲಿ?"

"ಬೇಡ ರೀ. ಅತ್ತೆಗೆ ಸಿಕ್ಕಿದ್ದನ್ನ ನಾಲಿಗೆಗೆ ಹಚ್ಚೋ ಅಭ್ಯಾಸ. ಎಲ್ಲಾ ಮರೆತಿದ್ದಾರೆ, ಅದೊಂದು ಮರೆತಿಲ್ಲ."

"ಅಮ್ಮ ಮಂಚ ಬಿಟ್ಟು ಇಳಿಯೋದೇ ಇಲ್ಲ. ಎಲ್ಲಿಂದ ಸಿಗತ್ತೆ ಅವಳಿಗೆ?"

"ಬೇಡ ಅಂದೆ. ವಿಷ ತಿಂದ ಇಲಿ ಗೋಡೆ ಒಳಗೆ ಹೋಗಿ ಸಾಯತ್ತೆ. ಅದನ್ನ ಹುಡುಕಿ ತೆಗೆಯೋರು ಯಾರು? ನೀವಾ?"

ಅವನು ಲೋಟ ಕೆಳಗಿಟ್ಟ. "ಸರಿ. ನಿನ್ನ ನಾಲ್ಕು ದಿನ ನೋಡೋಣ."

ಬೋನನ್ನು ಅವಳು ಅತ್ತೆಯ ಮಂಚದ ಕೆಳಗೇ ಇಟ್ಟಳು. ಮೂರು ದಿನ ಬಾಗಿಲು ತೆರೆದಿಟ್ಟು ಕಡಲೆಬೀಜ, ಎಣ್ಣೆ ಸವರಿದ ಬ್ರೆಡ್ಡು ಹಾಕಿದಳು. ಮೂರೂ ದಿನ ತಿನಿಸು ಚೊಕ್ಕವಾಗಿ ಖಾಲಿಯಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಕೊಕ್ಕೆ ಹಾಕಿದಳು. ಮರುದಿನ ಬೆಳಿಗ್ಗೆ ನೋಡಿದರೆ ತಿನಿಸಿಲ್ಲ, ಇಲಿಯೂ ಇಲ್ಲ, ಕೊಕ್ಕೆ ಬಿಚ್ಚಿಕೊಂಡು ನೇತಾಡುತ್ತಿದೆ. ಮತ್ತೆ ಹಾಕಿದಳು. ಮತ್ತೆ ಹಾಗೇ. ಸ್ಪ್ರಿಂಗು ಸಡಿಲವೇನೋ ಎಂದು ಬೆರಳು ಕೊಟ್ಟು ನೋಡಿದಳು. ಉಗುರು ಕಪ್ಪಾಗುವಷ್ಟು ಬಿಗಿಯಾಗಿತ್ತು.

"ಕೈ ಹಳೇದಾಯ್ತು ಬೋನಕ್ಕ," ಎಂದ ಗಂಡ, ಬೀದಿಯವರ ಹಾಗೆ ಕರೆದು. ಅವಳಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

ಆ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕಿಟಕಿಯಿಂದ ಒಳಗೆ ನೋಡಿ, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಮಂಚ ಬಿಟ್ಟು ಇಳಿಯುವುದೇ ಇಲ್ಲ ಎಂದು ಎಲ್ಲರೂ ತಿಳಿದಿದ್ದ ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಬೋನು. ಬೆರಳುಗಳು ಒಂದಿಷ್ಟೂ ತಡವರಿಸದೆ ಕೊಕ್ಕೆ ಬಿಚ್ಚಿ ಬಾಗಿಲನ್ನು ಮೇಲಕ್ಕೆ ಸಿಕ್ಕಿಸಿದವು. ಆಮೇಲೆ ಅವಳು ದಿಂಬಿನ ಚೀಲದೊಳಗಿಂದ ಮಧ್ಯಾಹ್ನದ ಬ್ರೆಡ್ಡಿನ ತುಂಡು ತೆಗೆದು, ನಾಲಿಗೆಗೆ ಹಚ್ಚಿ ನೋಡಿ, ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಸಾಗುತ್ತಾ ಅಲ್ಲಲ್ಲಿ ಚೂರು ಹಾಕಿದಳು.

"ಏನ್ಮಾಡ್ತಿದ್ದೀರ ಅತ್ತೆ?"

"ಶ್! ಮೆತ್ತಗೆ ಮಾತಾಡು. ಇವತ್ತು ಒಂದನೇ ದಿನ. ಆಗಲೇ ಕೊಕ್ಕೆ ಹಾಕಿಬಿಟ್ಟಿದ್ದೀಯಲ್ಲೇ, ದಡ್ಡಿ. ಕಲಿಸಿದ್ದೆಲ್ಲಾ ನೀರಲ್ಲಿ ಹೋಮ."

ಆಗ ಬೋನಕ್ಕನಿಗೆ ಅರ್ಥವಾಯಿತು. ಅತ್ತೆಗೆ ಪ್ರತಿದಿನವೂ ಒಂದನೆಯ ದಿನವೇ. ನಿನ್ನೆ ಎಂಬುದು ಅವಳಿಗೆ ಉಳಿಯುತ್ತಿರಲಿಲ್ಲ, ಹೀಗಾಗಿ ನಾಲ್ಕನೆಯ ದಿನ ಎಂದೂ ಬರುತ್ತಿರಲಿಲ್ಲ. ಎಷ್ಟು ತಿಂಗಳಿಂದ ಹೀಗೆ ತನ್ನ ಊಟದಲ್ಲಿ ಪಾಲು ಮಾಡಿ ತನ್ನ ಮಂಚದ ಕೆಳಗೇ ಇಲಿಗಳನ್ನು ಸಾಕುತ್ತಿದ್ದಾಳೋ! ಊರಿನ ಇಲಿಗಳೆಲ್ಲ ಆ ಕೋಣೆಗೆ ಮನೆ ಅಳಿಯಂದಿರಾಗಿದ್ದವು.

ಇದನ್ನು ಗಂಡನಿಗೆ ಹೇಳಬೇಕಿತ್ತು. ಬೋನಕ್ಕ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನಾದಿನಿಗೆ ಫೋನು ಹೋಗುತ್ತದೆ, ಇಬ್ಬರೂ ಸೇರಿ ಮುದುಕಿಯನ್ನು ಮಂಚಕ್ಕೆ ಕಟ್ಟಿಹಾಕು ಎನ್ನುತ್ತಾರೆ, ಕಟ್ಟುವ ಕೆಲಸವೂ ತನ್ನ ಪಾಲಿಗೇ ಬರುತ್ತದೆ. ಅತ್ತೆಯ ಕೈಕಾಲಿಗೆ ಉಳಿದಿದ್ದ ಒಂದೇ ಒಂದು ಕೆಲಸವನ್ನು ಕಸಿದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಆ ಮೌನದ ಬೆಲೆ ಅವತ್ತು ಅವಳಿಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯ ಮುಖ ತೊಳೆಸುತ್ತಾ ಅವಳು ಕಿವಿಯಲ್ಲಿ ಹೇಳಿದಳು. "ಅತ್ತೆ, ಇವತ್ತು ನಾಲ್ಕನೇ ದಿನ."

ಅತ್ತೆಯ ಕಣ್ಣು ಚುರುಕಾಯಿತು. "ಹೌದಾ? ಮೂರು ದಿನ ತಿಂದ್ವಾ?"

"ಚೆನ್ನಾಗಿ ತಿಂದ್ವು."

"ಹಾಗಾದ್ರೆ ತಗೊಂಬಾ ಬೋನು. ನಿನ್ನ ಕೈಯಲ್ಲಿ ಆಗೋದಲ್ಲ ಅದು."

ಹರಿದ ಚೀಲಗಳನ್ನು ಹೊಲಿದ ಆ ಕೈ ಕೊಕ್ಕೆಯನ್ನು ಕೂದಲೆಳೆಯಷ್ಟು ಅಂಚಿಗೆ ಸಿಕ್ಕಿಸಿತು. ಮರುದಿನ ಬೆಳಿಗ್ಗೆ ಬೋನಿನಲ್ಲಿ ಮೊಣಕೈಯುದ್ದದ ಇಲಿ. ಮತ್ತೆ "ಇವತ್ತು ನಾಲ್ಕನೇ ದಿನ ಅತ್ತೆ." ಮತ್ತೊಂದು. ಒಂದು ವಾರ ಆ ಮನೆಯಲ್ಲಿ ದಿನವೂ ನಾಲ್ಕನೆಯ ದಿನವೇ ಆಯಿತು. ಐದು ಇಲಿ ಸಿಕ್ಕವು. ಅತ್ತೆಗೆ ಹಸಿವು ಹೆಚ್ಚಿತು, ಗೋದಾಮಿನ ಯಜಮಾನನನ್ನು ಬೈಯುವ ಹಳೆಯ ಬೈಗುಳಗಳು ಮರಳಿ ಬಂದವು. ಬಕೆಟ್ಟಿನ ಮುಂದೆ ಬೋನಕ್ಕ ನೂರು ಎಣಿಸುವಾಗ ಕಿಟಕಿಯ ಒಳಗಿನಿಂದ ಅತ್ತೆಯೂ ಎಣಿಸುತ್ತಿದ್ದಳು. ನಲವತ್ತಾದ ಮೇಲೆ ಮತ್ತೆ ನಲವತ್ತಕ್ಕೇ ಬರುತ್ತಿದ್ದಳು. ಕಿರುಬೆರಳ ಗಾಯ ಒಣಗಿ ಹೊಸ ಚರ್ಮ ಬಂತು. ಕಾಲು ಉಳಿಯಿತು ಎಂದುಕೊಂಡಳು ಬೋನಕ್ಕ.

ಆದರೆ ಗಂಡ ಅಷ್ಟು ದಿನ ಕಾದಿರಲಿಲ್ಲ. ಎರಡನೆಯ ಇಲಿ ಸಿಕ್ಕ ದಿನವೇ, ಅವಳು ಮಾತ್ರೆ ತರಲು ಹೋಗಿದ್ದಾಗ, ಅವನು ವಿಷದ ಬಿಲ್ಲೆಗಳನ್ನು ತಂದು ಮೂರು ಕಡೆ ಇಟ್ಟಿದ್ದ. ಹೇಳಿದರೆ ಜಗಳ, ಹೇಳದಿದ್ದರೆ ಇಲಿ ಸತ್ತ ಮೇಲೆ ನೋಡಿದೆಯಾ ಎನ್ನಬಹುದು. ಅದು ಅವನ ಯೋಚನೆ. ಮುದುಕಿ ಮಂಚದಿಂದ ಇಳಿಯುತ್ತಾಳೆಂಬುದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅದರ ಮರುದಿನ ಬೋನಕ್ಕ ಬಿಳಿ ಬಟ್ಟೆಗಳನ್ನೆಲ್ಲ ನೀಲಿಯಲ್ಲಿ ಅದ್ದಿ ಹಿಂಡಿದ್ದಳು. ಒಳಗೆ ಬಂದರೆ ಅತ್ತೆಯ ಬೆರಳ ತುದಿ ನೀಲಿ, ತುಟಿಯ ಮೂಲೆಯೂ ನೀಲಿ.

"ನೀಲಿ ಬಕೆಟ್ಟಿಗೆ ಕೈ ಹಾಕಿದ್ರಾ ಅತ್ತೆ?"

"ಹೂಂ," ಎಂದಳು ಅತ್ತೆ. ಅವಳು ಎಲ್ಲದಕ್ಕೂ ಹೂಂ ಎನ್ನುವವಳು.

ಬೋನಕ್ಕ ಒದ್ದೆ ಬಟ್ಟೆಯ ತುದಿಯಿಂದ ಆ ತುಟಿಯನ್ನು ಒರೆಸಿದಳು. ಮಗುವಿನ ಬಾಯಿ ಒರೆಸಿದ ಹಾಗೆ, ಗದ್ದ ಹಿಡಿದು, ಚೆನ್ನಾಗಿ. ಬಕೆಟ್ಟು ಹಿತ್ತಲಲ್ಲಿದೆ, ಅತ್ತೆ ಹಿತ್ತಲಿಗೆ ಹೇಗೆ ಬಂದಳು ಎಂದು ಆ ಹೊತ್ತಿನಲ್ಲಿ ತಲೆಗೆ ಹೊಳೆಯಲಿಲ್ಲ. ಒಲೆಯ ಮೇಲೆ ಹಾಲಿತ್ತು, ಬಾಗಿಲಲ್ಲಿ ಪಕ್ಕದ ಮನೆಯವಳು ಕರೆಯುತ್ತಿದ್ದಳು.

ನಾಲ್ಕೈದು ದಿನ ಕಳೆದು ಒಂದು ಬೆಳಿಗ್ಗೆ ದಿಂಬಿನ ಮೇಲೆ ರಕ್ತ ಕಂಡಿತು. ಬೋನಕ್ಕ ಮೊದಲು ನೋಡಿದ್ದು ಪಾದಗಳನ್ನು. ಪಾದಗಳು ಚೀಲದೊಳಗೆ ಚೆನ್ನಾಗಿದ್ದವು. ರಕ್ತ ಬಂದದ್ದು ಒಸಡಿನಿಂದ. ತೋಳಿನ ಮೇಲೆ, ತಾನು ಹಿಡಿದೆಬ್ಬಿಸಿದ ಜಾಗದಲ್ಲಿ, ತನ್ನ ಐದು ಬೆರಳೂ ನೇರಳೆ ಬಣ್ಣದಲ್ಲಿ ಅಚ್ಚೊತ್ತಿದ್ದವು.

"ಹಲ್ಲು ಸಡಿಲ ಆಗಿರತ್ತೆ. ವಯಸ್ಸಾಯ್ತಲ್ಲ," ಎಂದ ಗಂಡ, ಬೂಟಿನ ದಾರ ಕಟ್ಟುತ್ತಾ.

ಮಧ್ಯಾಹ್ನ ಅತ್ತೆ ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ. ಪಕ್ಕದ ಮನೆಯವಳು ಆಟೋ ಕರೆತಂದಳು. ಗಂಡ ಸ್ಕೂಟರಿನಲ್ಲಿ ನೇರ ಆಸ್ಪತ್ರೆಗೆ ಬಂದ. ಪರೀಕ್ಷೆಗೆ ರಕ್ತ ತೆಗೆದ ಸೂಜಿಯ ಗುರುತನ್ನು ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ವೆರಾಂಡಕ್ಕೆ ಬಂದು ಇಬ್ಬರನ್ನೂ ನೋಡಿದಳು.

"ರಕ್ತ ಹೆಪ್ಪುಗಟ್ತಾ ಇಲ್ಲ. ಮನೇಲಿ ಇಲಿ ಪಾಷಾಣ ಏನಾದ್ರೂ ಇಟ್ಟಿದ್ರಾ?"

ಗಂಡ ತಲೆ ಬಗ್ಗಿಸಿ, ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ನನಗೆ ಗೊತ್ತಿಲ್ಲ ಡಾಕ್ಟ್ರೇ. ಮನೇಲಿ ಇಲಿ ವಿಷಯ ಎಲ್ಲಾ ಇವಳೇ ನೋಡ್ಕೊಳ್ಳೋದು."

ಡಾಕ್ಟರು ಬೋನಕ್ಕನ ಕಡೆ ತಿರುಗಿದಳು. ವೆರಾಂಡದ ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು.

"ನಾನು ವಿಷ ಇಡಲ್ಲ," ಎಂದಳು ಬೋನಕ್ಕ. "ನಾನು ಬೋನು ಇಡೋದು."

"ಯೋಚಿಸಿ ಹೇಳಿ. ಯಾವ ವಿಷ ಅಂತ ಗೊತ್ತಾದ್ರೆ ಅದಕ್ಕೆ ತಕ್ಕ ಇಂಜೆಕ್ಷನ್ ಎಷ್ಟು, ಎಷ್ಟು ದಿನ ಅಂತ ಗೊತ್ತಾಗತ್ತೆ. ಸುಮ್ನೆ ಊಹೆ ಮೇಲೆ ಮಾಡ್ತಾ ಇದ್ರೆ ಹೊತ್ತು ಹೋಗತ್ತೆ. ಹೊತ್ತು ಇಲ್ಲ ನಮ್ಮ ಹತ್ರ. ಪೊಟ್ಟಣ ಇದ್ರೆ ತನ್ನಿ." ಡಾಕ್ಟರು ಒಳಗೆ ಹೋದಳು.

ಆಗ ಅವಳಿಗೆ ಅವತ್ತಿನ ಆ ನೀಲಿ ತುಟಿ ಕಣ್ಣ ಮುಂದೆ ಬಂತು. ಬಕೆಟ್ಟು ಹಿತ್ತಲಲ್ಲಿತ್ತು. ಅತ್ತೆ ಹಿತ್ತಲಿಗೆ ಬಂದಿರಲಿಲ್ಲ.

ಅವಳು ಗಂಡನ ಕಡೆ ನೋಡಿದಳು. ಅವನು ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದ.

"ಪೊಟ್ಟಣ ಎಲ್ಲಿ?"

"ಯಾವ ಪೊಟ್ಟಣ?"

ಬೋನಕ್ಕ ಮನಸ್ಸಿನಲ್ಲೇ ಮನೆಯನ್ನೆಲ್ಲ ಒಂದು ಸುತ್ತು ಗುಡಿಸಿ ಬಂದಳು. ಅವನ ಶರಟಿನ ಜೇಬು ಒಗೆಯುವ ಮುಂಚೆ ತಡಕುವವಳು ಅವಳು. ಅವನ ಕಪಾಟು ಜೋಡಿಸುವವಳು ಅವಳು. ಹಾಸಿಗೆ ಕೊಡವುವವಳು, ಅಟ್ಟ ಹತ್ತುವವಳು, ಕಸದ ಬುಟ್ಟಿ ಸುರಿಯುವವಳು ಅವಳು. ಆ ಮನೆಯಲ್ಲಿ ಅವಳ ಕೈ ಹೋಗದ ಜಾಗವೇ ಇರಲಿಲ್ಲ. ಒಂದನ್ನು ಬಿಟ್ಟು. ಮೀಟರಿನ ಪುಸ್ತಕ, ಟಾರ್ಚು ಇಡುವ ಸ್ಕೂಟರಿನ ಡಿಕ್ಕಿ.

ಅವಳು ಕೈ ಚಾಚಿದಳು. "ಡಿಕ್ಕಿ ಕೀಲಿ ಕೊಡಿ."

"ಇಲ್ಲಿ ಗಲಾಟೆ ಮಾಡ್ಬೇಡ. ಜನ ನೋಡ್ತಿದ್ದಾರೆ."

"ಗಲಾಟೆ ಮಾಡ್ತಿಲ್ಲ. ಕೀಲಿ ಕೊಡಿ ಅಂದೆ."

ಚಾಚಿದ ಕೈ ಹಾಗೇ ಇತ್ತು. ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಹೋಯಿತು, ಎರಡನೆಯ ಸುತ್ತು ಹೋಯಿತು. ಅಷ್ಟು ಹೊತ್ತನ್ನು ಅವನು ತೆಗೆದುಕೊಂಡ. ಒಳಗೆ ತಾಯಿ ಮಲಗಿದ್ದಳು, ಅವನು ಆ ಕೈಯನ್ನೇ ನೋಡುತ್ತಾ ನಿಂತಿದ್ದ. ಕೊನೆಗೆ ಜೇಬಿನಿಂದ ಕೀಲಿ ತೆಗೆದು, ಕಣ್ಣೆತ್ತದೆ, ಅಂಗೈಗೆ ಹಾಕಿದ.

ಪೊಟ್ಟಣ ಟಾರ್ಚಿನ ಕೆಳಗಿತ್ತು. ಆರು ಬಿಲ್ಲೆಯ ಪೊಟ್ಟಣದಲ್ಲಿ ಮೂರು ಉಳಿದಿದ್ದವು. ನೀಲಿ ಬಣ್ಣ, ಸೋಪಿನ ತುಂಡಿನಷ್ಟು ದಪ್ಪ. ಮೂಸಿದರೆ ಹುರಿದ ಗೋಧಿಯ ವಾಸನೆ. ಗೋದಾಮಿನ ವಾಸನೆ.

ಪೊಟ್ಟಣ ನೋಡಿ ಡಾಕ್ಟರು ಇಂಜೆಕ್ಷನ್ ಕೊಟ್ಟಳು, ರಕ್ತ ಕೊಡಿಸಿದಳು. ತಲೆಯೊಳಗೆ ಆಗಲೇ ರಕ್ತ ಸೋರಿತ್ತು. ಮರುದಿನ ಮಧ್ಯಾಹ್ನ ಅತ್ತೆ ತೀರಿಕೊಂಡಳು. ನರ್ಸಮ್ಮ ಬಂದು ಮುಸುಕು ಎಳೆಯುವ ಮುಂಚೆ ಎಡಪಾದವನ್ನು ಕೈಯಲ್ಲಿ ಹಿಡಿದು ನೋಡಿ, "ಗಾಯ ಎಷ್ಟು ಚೆನ್ನಾಗಿ ಮಾಯ್ದಿದೆ ನೋಡು," ಎಂದಳು. ಅವಳ ಕಸುಬಿನಲ್ಲಿ ಅದು ಹೊಗಳಿಕೆ. ಬೋನಕ್ಕನಿಗೆ ಆಗ ಅಳು ಬಂತು.

ಎರಡು ದಿನ ಮನೆಯ ತುಂಬ ಜನ. ಮೂರನೆಯ ದಿನ ವಾಸನೆ ಶುರುವಾಯಿತು. ಮೊದಲು ಅತ್ತೆಯ ಕೋಣೆಯಿಂದ, ಆಮೇಲೆ ಅಡುಗೆಮನೆಯ ಕಡೆಯಿಂದ. ಸಿಹಿಯೂ ಕೊಳಕೂ ಕೂಡಿದ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಕುರ್ಚಿಯಲ್ಲಿ ಕೂತಿದ್ದ ನೆಂಟರು ಮೂಗಿಗೆ ಬಟ್ಟೆ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು.

ನಾದಿನಿ ಎದ್ದುನಿಂತಳು. ಅತ್ತು ಅತ್ತು ಅವಳ ಮುಖ ಊದಿತ್ತು. "ಏನಿದು ಅತ್ತಿಗೆ? ಅಮ್ಮ ಇದ್ದಾಗಲೂ ಮನೇನ ಹೀಗೇ ಇಟ್ಟಿದ್ರಾ? ಇಷ್ಟೆಲ್ಲಾ ಬೋನು ಗೀನು ಅಂತ ಊರಿಗೆಲ್ಲಾ ಹೆಸರು ಮಾಡಿದ್ದೀರಿ. ಅಮ್ಮನ ಬಾಯಿಗೆ ವಿಷ ಹೇಗೆ ಹೋಯ್ತು?"

ಗಂಡ ಕುರ್ಚಿಯಲ್ಲಿ ಕೂತಿದ್ದವನು ಕಾಲುಗಳನ್ನು ಒಳಗೆಳೆದುಕೊಂಡ. ಆಮೇಲೆ ಮೆಲ್ಲಗೆ, ಅಭ್ಯಾಸ ಬಲದಿಂದ, ಹೆಂಡತಿಯ ಕಡೆ ತಿರುಗಿದ. "ಎಲ್ಲೋ ಇಲಿ ಸತ್ತಿರಬೇಕು. ಸ್ವಲ್ಪ ನೋಡೇ."

ಬೋನಕ್ಕ ಒಳಗೆ ಹೋದಳು. ಎಲ್ಲರೂ ಅವಳು ಪೊರಕೆ ತರುತ್ತಾಳೆ ಎಂದುಕೊಂಡರು. ಅವಳು ತಂದದ್ದು ಮೂರು ಬಿಲ್ಲೆ ಉಳಿದ ಪೊಟ್ಟಣ. ಅದನ್ನು ನೆಂಟರ ಚಹಾದ ಲೋಟಗಳ ನಡುವೆ ಮೇಜಿನ ಮೇಲಿಟ್ಟಳು.

"ಅತ್ತೆ ಮಂಚದಿಂದ ಇಳೀತಿದ್ರು. ಅದು ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ. ಅಷ್ಟು ನನ್ನ ತಪ್ಪು. ಅದನ್ನ ನಾನು ಸಾಯೋವರೆಗೂ ಹೊತ್ಕೋತೀನಿ," ಎಂದಳು ನಾದಿನಿಗೆ. ಆಮೇಲೆ ಗಂಡನಿಗೆ, "ಇದನ್ನ ತಂದು ಇಟ್ಟೋರು ನೀವು. ಇಟ್ಟ ಜಾಗ ನನಗೆ ಗೊತ್ತಿಲ್ಲ. ನೀವೇ ನೋಡಿ," ಎಂದಳು.

ನಾದಿನಿ ಪೊಟ್ಟಣವನ್ನು ನೋಡಿದಳು, ಅಣ್ಣನನ್ನು ನೋಡಿದಳು. "ಅಣ್ಣಾ?"

ಅವನು ಇಲ್ಲ ಎನ್ನಲಿಲ್ಲ. ಎದ್ದು, ತಾಯಿಯ ಕೋಣೆಗೆ ಹೋಗಿ, ನೆಲದ ಮೇಲೆ ಮೊಣಕಾಲೂರಿದ. ಅವನು ಆ ಮನೆಯ ನೆಲಕ್ಕೆ ಮೊಣಕಾಲೂರಿದ್ದನ್ನು ಬೋನಕ್ಕ ಅದುವರೆಗೆ ನೋಡಿರಲಿಲ್ಲ. ಮಂಚದ ಕೆಳಗಿನ ಟ್ರಂಕನ್ನು ಎಳೆಯಲು ಅವನಿಗೆ ಬರಲಿಲ್ಲ. ಎಲ್ಲಿ ಹಿಡಿಯಬೇಕೆಂದು ತಿಳಿಯದೆ ತಡಕಿದ. ಟ್ರಂಕಿನ ಹಿಂದೆ ಅರ್ಧ ಬಿಲ್ಲೆ ಇತ್ತು. ಅದರ ಒಂದು ಮಗ್ಗುಲು ಇಲಿ ಕಡಿದಂತೆ ದೊರಗಾಗಿತ್ತು, ಇನ್ನೊಂದು ಮಗ್ಗುಲು ಕೈಯಿಂದ ಮುರಿದಂತೆ ನುಣುಪಾಗಿತ್ತು. ಅದರಾಚೆ ಗೋಡೆಯ ಬಿರುಕಿನಲ್ಲಿ ಒಂದು ಬಾಲ.

ಅವನು ಕಾಗದದಿಂದ ಬಾಲ ಹಿಡಿದು ಎಳೆದ. ಬಂದದ್ದು ಬಾಲವೊಂದೇ. ಅವನು ಹಿಂದಕ್ಕೆ ಬಿದ್ದು, ಬಾಯಿಗೆ ಕೈ ಒತ್ತಿ, ಹಿತ್ತಲಿಗೆ ಓಡಿದ. ಸೀಬೆಗಿಡದ ಬುಡದಲ್ಲಿ ಕೂತು ವಾಂತಿ ಮಾಡಿಕೊಂಡ.

ಬೋನಕ್ಕ ಚೊಂಬಿನಲ್ಲಿ ನೀರು ತಂದು ಅವನ ಪಕ್ಕಕ್ಕಿಟ್ಟಳು.

"ಆಗ್ತಿಲ್ಲ ಕಣೇ," ಎಂದ ಅವನು, ಕಣ್ಣಲ್ಲಿ ನೀರು ತುಂಬಿಕೊಂಡು.

"ಮೊದಲನೇ ಸಲ ಹಾಗೇ ಆಗತ್ತೆ," ಎಂದಳು ಅವಳು. "ಇನ್ನೂ ಎರಡು ಕಡೆ ಇದೆ, ಏಳಿ."